ಮೂತ್ರದ ಅವಸರಕ್ಕೆ ಕೊಟ್ಟ ಸಾಲಿಫೆನಾಸಿನ್ ಹತ್ತು ದಿನಕ್ಕೂ ಹಿಡಿತ ಕೊಟ್ಟಿಲ್ಲ, ಅಮ್ಮನಿಗೆ ದಿನಕ್ಕೆ ಎರಡು ಮಾತ್ರೆ ಕೊಡಬಹುದೇ?

ಬೇಡ. 68ರ ತಾಯಿ, ತಡೆಯಲಾಗದ ಮೂತ್ರದ ಅವಸರ, 5 ಮಿ.ಗ್ರಾಂ. ಮಾತ್ರೆ: ನಮ್ಮ ಮನೆಯಲ್ಲೂ ಹೀಗೇ ಇತ್ತು.

ಮೂರು ವಾರಕ್ಕೆ ಅಮ್ಮನಿಗೆ ಹಿಡಿತ ಬಂದಿತ್ತು. ಆಗ ನೆಗಡಿಯಾಯಿತು. ಮನೆಯಲ್ಲಿದ್ದ ನೆಗಡಿ ಮಾತ್ರೆಯನ್ನು ದಿನಕ್ಕೆ ಮೂರರಂತೆ ಎರಡು ದಿನ ಕೊಟ್ಟೆ. ಮೂರನೇ ದಿನ ಸೀರೆ ಮತ್ತೆ ಒದ್ದೆ. ಔಷಧಿ ಸಾಲುತ್ತಿಲ್ಲ ಎಂದುಕೊಂಡು ಇನ್ನೊಂದು ಸಾಲಿಫೆನಾಸಿನ್ ಕೊಟ್ಟೆ. ರಾತ್ರಿ ಕಿಬ್ಬೊಟ್ಟೆ ಕಲ್ಲಿನಂತಾಯಿತು. ಆಸ್ಪತ್ರೆಯಲ್ಲಿ ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಿದಾಗ ಬಂದದ್ದು 900 ಮಿ.ಲೀ.

ನಾನು ತಪ್ಪಿದ್ದು ಇಲ್ಲಿ. ಅದು ಅವಸರದ ಸೋರಿಕೆಯಲ್ಲ, ಖಾಲಿಯಾಗದ ಮೂತ್ರಚೀಲ ತುಂಬಿ ತುಳುಕಿದ್ದು. ಅವಸರದಲ್ಲಿ ಓಡಿ ಹೋಗಬೇಕು ಅನಿಸುತ್ತದೆ, ಹೋದರೆ ಧಾರೆ ಬರುತ್ತದೆ. ತುಳುಕುವಾಗ ಕೂತರೂ ಧಾರೆ ಇಲ್ಲ, ಹನಿ ಮಾತ್ರ; ಎದ್ದ ಮೇಲೂ ಭಾರ. ಮೂತ್ರಚೀಲದ ಸ್ನಾಯು ಹಿಂಡುವುದು ಅಸಿಟೈಲ್‌ಕೋಲಿನ್ ಎಂಬ ನರರಾಸಾಯನಿಕದ ಸಂಕೇತದಿಂದ, ಸಾಲಿಫೆನಾಸಿನ್ ತಡೆಯುವುದು ಅದನ್ನೇ. ನೆಗಡಿ ಮಾತ್ರೆಯ ಕ್ಲೋರ್‌ಫೆನಿರಮಿನ್ ಕೂಡ ಅದನ್ನೇ ತಡೆಯುತ್ತದೆ. ಜೊತೆಗಿದ್ದ ಫಿನೈಲೆಫ್ರಿನ್ ಚೀಲದ ಬಾಯನ್ನು ಬಿಗಿಯುತ್ತದೆ. ಪಾದದ ಉರಿಗೆಂದು ಅಮ್ಮ ರಾತ್ರಿ 10 ಮಿ.ಗ್ರಾಂ. ಅಮಿಟ್ರಿಪ್ಟಿಲಿನ್ ಬೇರೆ ನುಂಗುತ್ತಿದ್ದರು, ಅದರ ಗುಣವೂ ಇದೇ. ಮೂರು ಡಬ್ಬಿ, ಮೂರು ಕಾಯಿಲೆ, ಆದರೆ ಒಂದೇ ಸ್ನಾಯುವಿನ ಮೇಲೆ ಕೆಲಸ.

ಇನ್ನು ನಿಮ್ಮ ಹತ್ತು ದಿನ. ಸಾಲಿಫೆನಾಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಎರಡು ದಿನಕ್ಕೂ ಹೆಚ್ಚು ಬೇಕು. ಮಟ್ಟ ಒಂದು ಹದಕ್ಕೆ ಬರುವುದೇ ಹತ್ತು ದಿನದ ಹೊತ್ತಿಗೆ. ಪೂರ್ಣ ಗುಣ ತಿಳಿಯಲು ಕನಿಷ್ಠ ನಾಲ್ಕು ವಾರ ಕೊಡಿ. ಅತಿ ಹೆಚ್ಚಿನ ಪ್ರಮಾಣ 10 ಮಿ.ಗ್ರಾಂ. ನಿಜ, ಆದರೆ ಕಿಡ್ನಿ ತೀರಾ ದುರ್ಬಲವಾಗಿದ್ದರೆ 5 ದಾಟುವಂತಿಲ್ಲ. ಹುಳುಕಡ್ಡಿಗೆ ಕೊಡುವ ಇಟ್ರಾಕೊನಜೋಲ್ ಜೊತೆಗಿದ್ದರೂ ಅಷ್ಟೇ, ಏಕೆಂದರೆ ಅದು ದೇಹ ಸಾಲಿಫೆನಾಸಿನ್ ಅನ್ನು ಒಡೆದು ಹಾಕುವುದನ್ನು ತಡೆದು ರಕ್ತದಲ್ಲಿ ಮಟ್ಟ ಏರಿಸುತ್ತದೆ.

ನನ್ನ ಪ್ರಕಾರ ನೀವು ಕೇಳಬೇಕಾದ್ದು ಒಂದೋ ಎರಡೋ ಎಂದಲ್ಲ, ಅಮ್ಮ ಇನ್ನೇನೇನು ನುಂಗುತ್ತಿದ್ದಾರೆ ಎಂದು. ಹೊಟ್ಟೆನೋವಿನ ಡೈಸೈಕ್ಲೊಮಿನ್, ನಡುಕದ ಟ್ರೈಹೆಕ್ಸಿಫೆನಿಡಿಲ್ ಕೂಡ ಇದೇ ಗುಂಪು. ಎಲ್ಲ ಸ್ಟ್ರಿಪ್‌ಗಳನ್ನೂ ಕೈಚೀಲದಲ್ಲಿ ಹಾಕಿಕೊಂಡು ಡಾಕ್ಟರ ಮುಂದೆ ಸುರಿಯಿರಿ. ಮೂತ್ರ ಮಾಡಿದ ಮೇಲೆ ಎಷ್ಟು ಉಳಿಯುತ್ತದೆ ಎಂದು ಸ್ಕ್ಯಾನ್‌ನಲ್ಲಿ ಅಳೆಸಿ, 200 ಮಿ.ಲೀ. ದಾಟಿದ್ದರೆ ಪ್ರಮಾಣ ಏರಿಸುವ ಮಾತೇ ಬೇಡ. ಗ್ಲಾಕೋಮಾ (ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ) ಇದ್ದರೆ ಮೊದಲೇ ಹೇಳಿ. ಅಮಿಟ್ರಿಪ್ಟಿಲಿನ್ ಬಿಡಲಾಗದವರಿಗೆ ಮಿರಾಬೆಗ್ರಾನ್ ಆದೀತೇ ಎಂದು ಕೇಳುವುದೇ ಮೇಲು. ಅದು ಬೇರೆ ದಾರಿಯಲ್ಲಿ ಚೀಲವನ್ನು ಸಡಿಲಿಸುತ್ತದೆ, ಆದರೆ ಬಿಪಿ ಏರಿಸಬಹುದು. ಬಿಪಿ 180/110 ಇದ್ದವರಿಗೆ ಕೊಡುವಂತಿಲ್ಲ.

ಸಾಲಿಫೆನಾಸಿನ್ ಮಾತ್ರೆಯನ್ನು ಜಗಿಯದೆ ನುಂಗಲಿ. ಬಾಯಿ ಒಣಗುವುದು ಸಾಮಾನ್ಯ. ಮಲಬದ್ಧತೆಯನ್ನು ಬೆಳೆಯಲು ಬಿಡಬೇಡಿ, ಗಟ್ಟಿಯಾದ ಮಲ ಚೀಲವನ್ನು ಒತ್ತಿ ಅವಸರವನ್ನೇ ಹೆಚ್ಚಿಸುತ್ತದೆ. ಬೇಸಿಗೆಯಲ್ಲಿ ಬೆವರು ಕಡಿಮೆಯಾಗಿ ಮೈ ಕಾಯಬಹುದು. ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಮಧ್ಯಾಹ್ನ ಕಳಿಸಬೇಡಿ. ಹೊಸದಾಗಿ ಮರೆವು, ಗಲಿಬಿಲಿ ಕಂಡರೆ ವಯಸ್ಸಿನ ಮೇಲೆ ಹಾಕದೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಆರೆಂಟು ಗಂಟೆ ಮೂತ್ರವಿಲ್ಲದೆ ಕಿಬ್ಬೊಟ್ಟೆ ಬಿಗಿದರೆ, ಅಥವಾ ಕಣ್ಣು ಕೆಂಪಾಗಿ ನೋವಿನ ಜೊತೆ ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.