ಹಸುಗೂಸಿನ ಎದೆಮೂಳೆ ಸೀಳಿದ್ದರೆ ಆಪರೇಷನ್ ಈಗಲೇ ಬೇಕಾ, ಕಾಯಬಹುದಾ?

ಉಡುಪಿಯಿಂದ ನೀವು ಕೇಳಿದ್ದು: ತಂಗಿಯ ಕೂಸಿಗೆ 12 ದಿನ, ಕುತ್ತಿಗೆಯ ಕೆಳಗೆ ಎದೆಯ ನಡುವೆ ಗುಳಿ. ಅತ್ತರೆ ಉಬ್ಬುತ್ತದೆ, ಉಸಿರೆಳೆದರೆ ಒಳಗೆ ಹೋಗುತ್ತದೆ. ಡಾಕ್ಟರು ಸ್ಟರ್ನಲ್ ಕ್ಲೆಫ್ಟ್, ಅಂದರೆ ಎದೆಮೂಳೆಯ ಸೀಳು ಎಂದಿದ್ದಾರೆ. ಕೂಸು ಹಾಲು ಕುಡಿದು ಆರಾಮಾಗಿದೆಯಲ್ಲ, ವರ್ಷ ತುಂಬಲಿ ಎನ್ನುವುದು ಮನೆಯವರ ಮಾತು.

ಕೂಸು ದಿನ ತುಂಬಿ ಹುಟ್ಟಿ, ತೂಕ ಸರಿಯಿದ್ದರೆ ಕಾಯಬೇಡಿ ಎನ್ನುತ್ತೇನೆ. ಹೃದಯದ ಮೇಲೆ ಮೂಳೆಯ ರಕ್ಷಣೆ ಇಲ್ಲ ಎನ್ನುವುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದ್ದು, ಮೊದಲ ತಿಂಗಳಲ್ಲಿ ಎದೆಗೂಡು ಮೆತ್ತಗಿರುತ್ತದೆ. ಎರಡೂ ಅಂಚು ಎಳೆದು ಹೊಲಿದರೆ ಬಾಗಿಕೊಡುತ್ತದೆ. ಮೂರು ತಿಂಗಳು ದಾಟಿದ ಮೇಲೆ ಗೂಡು ಬಿಗಿಯುತ್ತಾ ಹೋಗುತ್ತದೆ. ಆಗ ಎಳೆದು ಕಟ್ಟಿದರೆ ಹೃದಯ ಒತ್ತಿಕೊಂಡು ಬಿಪಿ ಕುಸಿಯಬಹುದು. ಪಕ್ಕೆಲುಬಿನ ಕಾರ್ಟಿಲೇಜ್ (ಮೆದುಮೂಳೆ) ಓರೆಯಾಗಿ ಕತ್ತರಿಸಿ ಜಾರಿಸಬೇಕು, ಇಲ್ಲವೇ ಪಕ್ಕೆಲುಬಿನ ತುಂಡನ್ನೋ ಮೆಶ್ಶನ್ನೋ (ಕೃತಕ ಬಲೆ) ಕೂರಿಸಬೇಕು. ಮೆಶ್ ಮಗುವಿನ ಜೊತೆ ಬೆಳೆಯುವುದಿಲ್ಲ.

ಆಪರೇಷನ್‌ನಲ್ಲಿ ಮೊದಲ ನಾಜೂಕಿನ ಕೆಲಸ ಚರ್ಮ ಬಿಡಿಸುವುದು. ಸೀಳಿನ ಜಾಗದಲ್ಲಿ ಅದು ಹೃದಯದ ಹೊದಿಕೆಗೇ ಅಂಟಿರುತ್ತದೆ. ಎದೆಮೂಳೆಯ ಮೇಲ್ಭಾಗವಷ್ಟೇ ಸೀಳಿದ್ದರೆ ಕೆಳಗೆ ಕೂಡಿರುವ ಕಡೆ ಬೆಣೆಯಾಕಾರದ ಚೂರು ತೆಗೆಯುತ್ತಾರೆ, ಇಲ್ಲದಿದ್ದರೆ ಅಂಚುಗಳು ಹತ್ತಿರ ಬರುವುದಿಲ್ಲ. ಹೊಲಿಗೆಗಳನ್ನೆಲ್ಲ ಮೊದಲು ಹಾಕಿಟ್ಟು, ಗಂಟು ಹಾಕದೆ ಒಟ್ಟಿಗೆ ಎಳೆದು ಹಿಡಿಯುತ್ತಾರೆ. ಬಿಪಿ ಇಳಿಯಿತಾ, ವೆಂಟಿಲೇಟರಿನ ಒತ್ತಡ ಏರಿತಾ ಎಂದು ಅನಸ್ತೇಸಿಯಾ ಡಾಕ್ಟರು ನೋಡುತ್ತಿರುತ್ತಾರೆ. ತಡೆದುಕೊಂಡರೆ ಗಂಟು. ಇಲ್ಲವಾದರೆ ಸಡಿಲಿಸಿ, ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯ ಸ್ವಲ್ಪ ಭಾಗ ತೆಗೆದು ಜಾಗ ಮಾಡಿಕೊಳ್ಳುತ್ತಾರೆ. ಆಮೇಲೆ ಕಾಡಬಹುದಾದ್ದು ಗಾಯದ ಸೋಂಕು, ಚರ್ಮದಡಿ ನೀರು ತುಂಬುವುದು, ಶ್ವಾಸಕೋಶದ ಸುತ್ತ ಗಾಳಿ ಸೇರುವುದು. ಕೆಲವು ಮಕ್ಕಳಿಗೆ ಬೆಳೆಯುತ್ತಾ ಎದೆ ಗುಳಿ ಬೀಳುತ್ತದೆ.

ಆಪರೇಷನ್‌ಗೂ ಮೊದಲು ಎಕೋ (ಹೃದಯದ ಸ್ಕ್ಯಾನ್) ಆಗಲೇಬೇಕು. ಮುಖದಲ್ಲೋ ಕುತ್ತಿಗೆಯಲ್ಲೋ ಕೆಂಪು ಮಚ್ಚೆ ಕಾಣಿಸಿದರೆ ಡಾಕ್ಟರಿಗೆ ಖಂಡಿತ ಹೇಳಿ: ಅದು ರಕ್ತನಾಳದ ಗಡ್ಡೆಯಾಗಿದ್ದರೆ ಶ್ವಾಸನಾಳದೊಳಗೂ ಇರಬಹುದು, ಟ್ಯೂಬ್ ಹಾಕುವಾಗ ತೊಂದರೆ, ಮೆದುಳಿನ ರಕ್ತನಾಳವನ್ನೂ ನೋಡಬೇಕಾಗುತ್ತದೆ. ಸೀಳು ಕೆಳಭಾಗದಲ್ಲಿದ್ದು ಹೊಕ್ಕುಳ ಬಳಿ ಕರುಳು ಹೊರಬಂದಿದ್ದರೆ ಅದು 1958ರಲ್ಲಿ ಕ್ಯಾಂಟ್ರೆಲ್ ಎಂಬ ವೈದ್ಯರು ವಿವರಿಸಿದ ಐದು ದೋಷಗಳ ಗುಂಪಿರಬಹುದು. ಅದರ ಚಿಕಿತ್ಸೆಯ ದಾರಿಯೇ ಬೇರೆ.

ಮಂಗಳೂರು, ಮಣಿಪಾಲ ಎಲ್ಲಿಗೇ ಹೋಗಿ, ಮಕ್ಕಳ ಸರ್ಜನ್, ಹೃದಯದ ಸರ್ಜನ್, ಎನ್‌ಐಸಿಯು (ಹಸುಗೂಸುಗಳ ಐಸಿಯು) ಒಂದೇ ಕಡೆ ಇವೆಯಾ ಎಂದು ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ಕಾಣಿ.

ಅಲ್ಲಿಯವರೆಗೆ, ಕೂಸನ್ನು ಮೀಯಿಸಲು ಬರುವ ಅಮ್ಮನಿಗೆ ಎದೆ ಒತ್ತಿ ಎಣ್ಣೆ ತಿಕ್ಕಬಾರದೆಂದು ಕಡ್ಡಾಯವಾಗಿ ಹೇಳಿ. ಕೂಸು ನೀಲಿಗಟ್ಟಿದರೆ, ಹಾಲು ಕುಡಿಯುವಾಗ ಏದುಸಿರು ಬಂದರೆ ಅವತ್ತೇ ಆಸ್ಪತ್ರೆಗೆ.