ಸ್ಟೆಂಟ್‌ಗೆ ನ್ಯಾನೋ ಮೇಲ್ಮೈ ಇದ್ದರೂ ಮಾತ್ರೆ ಯಾಕೆ?

ಡೊಂಬಿವಲಿಯಿಂದ ಕೇಳಿದ್ದೀರಿ: ತಂದೆಯವರ ಹೃದಯದ ರಕ್ತನಾಳ ತೆರೆದಿಡಲು ಹಾಕಿದ ಲೋಹದ ಜಾಲರಿ ಕೊಳವೆ, ಅಂದರೆ ಸ್ಟೆಂಟ್‌ನ ಮೇಲ್ಮೈ 'ನ್ಯಾನೋ' ಅಂತೆ, ಅದಕ್ಕೆ ರಕ್ತ ಅಂಟುವುದಿಲ್ಲವಂತೆ, ಮತ್ತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಯಾಕೆ ಅಂತ. ಹೃದ್ರೋಗ ತಜ್ಞರು ಹೇಳದೆ ಒಂದು ದಿನವೂ ಮಾತ್ರೆ ತಪ್ಪಿಸಬೇಡಿ. ನಾನು ಡಾಕ್ಟರಲ್ಲ. ಪುಣೆಯ ಭೋಸರಿಯಲ್ಲಿ ಇಂಥ ಲೋಹದ ಮೇಲ್ಮೈಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುವುದು ನನ್ನ ಕೆಲಸ.

ರಕ್ತದ ಕಣಗಳು ಬರಿಯ ಲೋಹವನ್ನು ಮುಟ್ಟುವುದೇ ಇಲ್ಲ ಎನ್ನಬಹುದು. ಅವು ಬರುವಷ್ಟರಲ್ಲಿ, ಕೆಲವೇ ಸೆಕೆಂಡುಗಳಲ್ಲಿ, ಪ್ಲಾಸ್ಮಾದ (ರಕ್ತದ ದ್ರವಭಾಗದ) ಪ್ರೋಟೀನುಗಳು ಅಲ್ಲಿ ಜಾಗ ಹಿಡಿದಿರುತ್ತವೆ. ಮೊದಲು ಬರುವುದು ಹೇರಳವಾಗಿರುವ ಆಲ್ಬುಮಿನ್. ಆಮೇಲೆ ಅದನ್ನು ತಳ್ಳಿ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಾದ ಫೈಬ್ರಿನೋಜೆನ್‌ನಂಥವು ಕೂರುತ್ತವೆ. ಲಿಯೋ ವ್ರೋಮನ್ ಎಂಬ ವಿಜ್ಞಾನಿಯ ಹೆಸರಿನಲ್ಲಿ ಇದನ್ನು ವ್ರೋಮನ್ ಪರಿಣಾಮ ಅನ್ನುತ್ತಾರೆ.

ಫೈಬ್ರಿನೋಜೆನ್ ಮತ್ತು ಹೆಪ್ಪುಗಟ್ಟಲು ನೆರವಾಗುವ ರಕ್ತಕಣವಾದ ಪ್ಲೇಟ್‌ಲೆಟ್ ದಿನವಿಡೀ ಒಂದೇ ರಕ್ತದಲ್ಲಿ ತೇಲುತ್ತಿದ್ದರೂ ಒಂದಕ್ಕೊಂದು ಅಂಟುವುದಿಲ್ಲ. ಅದೇ ಫೈಬ್ರಿನೋಜೆನ್ ಲೋಹದ ಮೇಲೆ ಮಲಗಿ ಆಕಾರ ಕೆಟ್ಟಾಗ, ಒಳಗೆ ಮುಚ್ಚಿಕೊಂಡಿದ್ದ ಭಾಗ ಹೊರಬರುತ್ತದೆ. ಪ್ಲೇಟ್‌ಲೆಟ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮೈಕ್ರೋಸ್ಕೋಪಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಸುಮ್ಮನಿರುವ ಪ್ಲೇಟ್‌ಲೆಟ್ ಎರಡು-ಮೂರು ಮೈಕ್ರಾನಿನ ನುಣುಪು ಬಿಲ್ಲೆ. ಕೆರಳಿದರೆ ಸುತ್ತ ಕಾಲು ಚಾಚುತ್ತದೆ, ಕೊನೆಗೆ ಕಾವಲಿಯ ಮೇಲಿನ ದೋಸೆಯ ಹಾಗೆ ಹರಡಿಕೊಳ್ಳುತ್ತದೆ. ಎಷ್ಟು ಅಂಟಿವೆ ಎನ್ನುವುದಕ್ಕಿಂತ ಎಷ್ಟು ಹರಡಿವೆ ಅಂತ ನೋಡುವುದೇ ಮೇಲು.

ನ್ಯಾನೋ ರಚನೆಯ ಆಟ ಇರುವುದು ಆ ಪ್ರೋಟೀನ್ ಮಲಗುವ ಭಂಗಿಯಲ್ಲಿ. ಟೈಟೇನಿಯಂ ತಗಡನ್ನು ಫ್ಲೋರೈಡ್ ಇರುವ ದ್ರಾವಣದಲ್ಲಿಟ್ಟು ವಿದ್ಯುತ್ ಹಾಯಿಸಿದರೆ ಮೇಲೆಲ್ಲ ಸಣ್ಣ ಕೊಳವೆಗಳು ಏಳುತ್ತವೆ. ವೋಲ್ಟೇಜ್ ಬದಲಿಸಿ ಅವುಗಳ ಅಗಲವನ್ನು ಸುಮಾರು 15 ನ್ಯಾನೋಮೀಟರಿನಿಂದ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ) 100ರ ಆಚೆಗೂ ಒಯ್ಯಬಹುದು. ಫೈಬ್ರಿನೋಜೆನ್ ಅಣುವಿನ ಉದ್ದ ಸುಮಾರು 45 ನ್ಯಾನೋಮೀಟರ್. ಹಾಗಾಗಿ ಕೊಳವೆಯ ಅಗಲ, ನೀರು ಹಿಡಿಯುವ ಗುಣ, ಮೇಲ್ಮೈಯ ವಿದ್ಯುದಂಶ, ಕೊನೆಗೆ ಶುದ್ಧಿ ಮಾಡಿದ ರೀತಿ ಬದಲಾದರೂ ಫಲಿತಾಂಶ ಬದಲಾಗುತ್ತದೆ. ಪ್ಲೇಟ್‌ಲೆಟ್ ಕಡಿಮೆ ಅಂಟಿತು ಎನ್ನುವ ಪ್ರಯೋಗಗಳೂ ಇವೆ, ಜಾಸ್ತಿ ಅಂಟಿತು ಎನ್ನುವವೂ ಇವೆ. ಆದ್ದರಿಂದ ಬರೀ 'ನ್ಯಾನೋ' ಅಂದರೆ ನನಗೆ ಅರ್ಥವಾಗುವುದು ಇಷ್ಟೇ: ಅಳತೆ ಸಣ್ಣದು. ಹಲ್ಲಿನ ಇಂಪ್ಲಾಂಟ್‌ನಲ್ಲಂತೂ ರಕ್ತದ ಹೆಪ್ಪು ಹಿಡಿದುಕೊಳ್ಳಲಿ ಅಂತಲೂ ಮೇಲ್ಮೈಯನ್ನು ಒರಟು ಮಾಡುತ್ತಾರೆ, ಆ ಹೆಪ್ಪಿನ ಜಾಲ ಹಿಡಿದೇ ಎಲುಬು ಬೆಳೆಯುವುದು.

ಸ್ಟೆಂಟ್‌ಗೆ ನಿಜವಾದ ರಕ್ಷಣೆ ಸಿಗುವುದು ರಕ್ತನಾಳದ ಸ್ವಂತ ಒಳಪದರ ಬೆಳೆದು ತಂತಿಗಳನ್ನು ಮುಚ್ಚಿದಾಗ. ಔಷಧ ಸವರಿದ ಸ್ಟೆಂಟ್‌ನಲ್ಲಿ, ನಾಳ ಮತ್ತೆ ಕಟ್ಟಿಕೊಳ್ಳದಂತೆ ತಡೆಯುವ ಆ ಔಷಧವೇ ಈ ಹೊದಿಕೆಯನ್ನೂ ನಿಧಾನ ಮಾಡುತ್ತದೆ. ಆ ನಡುವಿನ ಕಾಲಕ್ಕೇ ಪ್ಲೇಟ್‌ಲೆಟ್‌ಗಳು ಕೆರಳದಂತೆ ತಡೆಯುವ ಮಾತ್ರೆಗಳು: ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್. ಎರಡೂ ಒಟ್ಟಿಗೆ ಸಾಮಾನ್ಯವಾಗಿ 6ರಿಂದ 12 ತಿಂಗಳು. ರಕ್ತಸ್ರಾವದ ಭಯವಿದ್ದವರಿಗೆ ಕಡಿಮೆ. ಆಮೇಲೆ ಹೆಚ್ಚಿನವರಿಗೆ ಒಂದೇ ಮಾತ್ರೆ ಮುಂದುವರಿಯುತ್ತದೆ.

ಸ್ಟೆಂಟ್ ಹಾಕಿದಾಗ ಕೊಟ್ಟ ಕಾರ್ಡ್ ಜೋಪಾನವಾಗಿಡಿ. ನಡುವೆ ಹಲ್ಲು ಕೀಳಿಸಬೇಕಾಗಿ ಬಂದು, ಆ ಡಾಕ್ಟರು "ನಾಲ್ಕು ದಿನ ಮಾತ್ರೆ ನಿಲ್ಲಿಸಿ" ಅಂದರೆ, ನಿಲ್ಲಿಸುವ ಮೊದಲು ಸ್ಟೆಂಟ್ ಹಾಕಿದವರಿಗೆ ಒಂದು ಫೋನ್ ಮಾಡಿ.