ಅರಬ್ಬಿ ಕಡಲಿನ ಚಂಡಮಾರುತಗಳನ್ನು ಎಣಿಸುವ ಬಗೆ: ಕುಂಬಳೆಯ ಲೇಖಕರಿಗೆ

ಅರಬ್ಬಿ ಕಡಲಿನಲ್ಲಿ ಚಂಡಮಾರುತಗಳು ಏರುತ್ತಿವೆ ಎಂದು ಗ್ರಾಫ್ ಹಾಕಿ ಹೇಳುವ ನಿಮ್ಮ ‘ಅರಬ್ಬಿ ಕಡಲು ಕೆರಳುತ್ತಿದೆಯೇ?’ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲಾರೆವು, ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನೆಲ ಮುಟ್ಟಿದ್ದು ಗುಜರಾತಿನಲ್ಲಾದರೂ ನಮ್ಮ ಕರಾವಳಿಯಲ್ಲಿ ಆದ ಕಡಲ್ಕೊರೆತವನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದೀರಿ. ಆ ಭಾಗವನ್ನು ಮುಟ್ಟಬೇಡಿ. ತೊಡಕಿರುವುದು ಗ್ರಾಫಿನಲ್ಲಿ.

ನೀವು ಎಣಿಸಿದ್ದು ಹೆಸರಿದ್ದ ಚಂಡಮಾರುತಗಳನ್ನು ಮಾತ್ರ. ಇಲ್ಲಿ ಹೆಸರಿಡುವ ಪದ್ಧತಿ ಶುರುವಾದದ್ದೇ 2004ರಲ್ಲಿ, ಓನಿಲ್ ಚಂಡಮಾರುತದಿಂದ. ಅದಕ್ಕೂ ಹಿಂದಿನ ವರ್ಷಗಳಿಗೆ ಸೊನ್ನೆ ಹಾಕಿದರೆ ಗೆರೆ ಏರದೆ ಇನ್ನೇನಾದೀತು? ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದ್ದನ್ನೆಲ್ಲ, ಹೆಸರಿರಲಿ ಬಿಡಲಿ, ಎಣಿಸಿ. ಹವಾಮಾನ ಇಲಾಖೆಯ ದಾಖಲೆ 1891ರಿಂದ ಸಿಗುತ್ತದೆ ನಿಜ. ಆದರೆ ಉಪಗ್ರಹಗಳಿಲ್ಲದ ಕಾಲದಲ್ಲಿ ಯಾವ ಹಡಗಿಗೂ ಎದುರಾಗದೆ ನಡುಗಡಲಲ್ಲೇ ಅಡಗಿದವು ಲೆಕ್ಕಕ್ಕೆ ಬಂದಿಲ್ಲ. ಹಾಗಾಗಿ 1980ರಿಂದ ಶುರುಮಾಡಿ.

ಇನ್ನು ಎಕ್ಸೆಲ್‌ನ ನೇರ ಗೆರೆ. ವರ್ಷಕ್ಕೆ 0, 1, 2 ಎಂದು ಬರುವ ಎಣಿಕೆಗೆ ಅದು ಹೊಂದದು. ಹಿಂದಕ್ಕೆ ಎಳೆದರೆ ಸೊನ್ನೆಗಿಂತಲೂ ಕೆಳಗಿಳಿಯುತ್ತದೆ. ಐದು ವರ್ಷದ ಚಲಿಸುವ ಸರಾಸರಿ ತೆಗೆದು ಅದರ ಮೇಲೆ ಗೆರೆ ಎಳೆದದ್ದಂತೂ ದೊಡ್ಡ ತಪ್ಪು. ಒಂದೇ ವರ್ಷದ ಅಂಕಿ ಐದು ಬಿಂದುಗಳಲ್ಲಿ ಸೇರಿಕೊಂಡು, ಇಲ್ಲದ ನಂಟು ಕಾಣಿಸುತ್ತದೆ. ಇಂಥ ಎಣಿಕೆಗಳಿಗೆಂದೇ ಇರುವ ಪಾಯ್ಸಾನ್ ರಿಗ್ರೆಶನ್ ಬಳಸಿ: ಸರಾಸರಿ ಎಣಿಕೆಯ ಲಾಗರಿದಮ್ ವರ್ಷದೊಂದಿಗೆ ನೇರವಾಗಿ ಬದಲಾಗುತ್ತದೆ ಎಂಬ ಮಾದರಿ ಅದು. ಅಂಕಿಗಳು ಚಿಕ್ಕದಾಗಲೆಂದು ವರ್ಷದಿಂದ 2000 ಕಳೆದು ಹಾಕಿ. ವರ್ಷದ ಗುಣಾಂಕ 0.02 ಬಂದರೆ ದಶಕಕ್ಕೆ ಸುಮಾರು 22% ಏರಿಕೆ ಎಂದರ್ಥ. ಆದರೆ ಆ ಗುಣಾಂಕದ 95% ವಿಶ್ವಾಸಾಂತರದೊಳಗೆ (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿಯೊಳಗೆ) ಸೊನ್ನೆಯೂ ಬಿದ್ದರೆ ‘ಏರುತ್ತಿದೆ’ ಎಂದು ಬರೆಯಬೇಡಿ. ಎಣಿಕೆಗಳು ಮಾದರಿ ಹೇಳುವುದಕ್ಕಿಂತ ಹೆಚ್ಚು ಚದುರಿವೆಯೇ ಎಂದು ತಿಳಿಯಲು ಪಿಯರ್ಸನ್ ಕೈ-ವರ್ಗದ (chi-square) ಮೊತ್ತವನ್ನು ಸ್ವಾತಂತ್ರ್ಯಾಂಕದಿಂದ (ವರ್ಷಗಳ ಸಂಖ್ಯೆಯಿಂದ ಮಾದರಿಯ ಗುಣಾಂಕಗಳ ಸಂಖ್ಯೆ ಕಳೆದದ್ದರಿಂದ) ಭಾಗಿಸಿ ನೋಡಿ. 1ರ ಆಸುಪಾಸು ಇದ್ದರೆ ಸರಿ, 2ರ ಹತ್ತಿರ ಬಂದರೆ ಹೆಚ್ಚಿನ ಚದುರುವಿಕೆಗೂ ಹೊಂದುವ ನೆಗೆಟಿವ್ ಬೈನಾಮಿಯಲ್ ಮಾದರಿಗೆ ಹೋಗಿ.

ಆಕಸ್ಮಿಕಕ್ಕೂ ಜಾಗ ಕೊಡಿ. ಸರಾಸರಿ ವರ್ಷಕ್ಕೆ 1 ಇದ್ದು ಏನೂ ಬದಲಾಗದಿದ್ದರೂ, ಒಂದೇ ವರ್ಷದಲ್ಲಿ ಮೂರು ಅಥವಾ ಹೆಚ್ಚು ಬರುವ ಸಂಭವ 8%. ಅಂದರೆ ಸುಮಾರು ಹನ್ನೆರಡು ವರ್ಷಕ್ಕೊಮ್ಮೆ.

ಲೇಖನ 2021ರ ತೌಕ್ತೆಯಿಂದ ಶುರುವಾಗುತ್ತದೆ, ಗ್ರಾಫ್ ಮಾತ್ರ 2019ಕ್ಕೆ ನಿಂತಿದೆ. ವಾಯು, ಹಿಕ್ಕಾ, ಕ್ಯಾರ್, ಮಹಾ, ಪವನ್ ಎಂದು ಐದು ಬಂದ ವರ್ಷ ಅದು; ಅಲ್ಲಿಗೆ ನಿಲ್ಲಿಸಿದರೆ ಗೆರೆಯ ತುದಿ ತಾನಾಗಿ ಮೇಲೇಳುತ್ತದೆ. ಹಿಂದೂ ಮಹಾಸಾಗರದ ಡೈಪೋಲ್ (ಕಡಲಿನ ಪಶ್ಚಿಮ ಮತ್ತು ಪೂರ್ವ ಭಾಗಗಳ ನೀರಿನ ಬಿಸಿಯಲ್ಲಿನ ವ್ಯತ್ಯಾಸ) ಬಲವಾಗಿದ್ದ ವರ್ಷವೂ ಹೌದು. ಡೈಪೋಲ್ ಸೂಚ್ಯಂಕವನ್ನೂ ಮಾದರಿಗೆ ಸೇರಿಸಿ. ಬಳಿಕ 2019 ಬಿಟ್ಟು ಇನ್ನೊಮ್ಮೆ ಲೆಕ್ಕ ಹಾಕಿ, ಎರಡೂ ಫಲಿತಾಂಶಗಳನ್ನು ಅಕ್ಕಪಕ್ಕ ಕೊಡಿ. ವರ್ಷವಾರು ಎಣಿಕೆಯ ಪಟ್ಟಿ ಲೇಖನದ ಜೊತೆಗೇ ಬರಲಿ.